ಉದ್ದ ಸಿಳ್ಳೆ ಎಲ್ಲಿ ಹೋಯಿತು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವ ಅಂಗಡಿ ಅವಳದಾದ್ದರಿಂದ ಆ ಹೆಸರು ಬಂತು ಎಂದು ಹೊಸಬರು ತಿಳಿಯುತ್ತಿದ್ದರು. ಹಳಬರನ್ನು ಕೇಳಿದರೆ ಬೇರೆ ಕಥೆ. ಅಂಗಡಿ ಬಂದದ್ದು ಆಮೇಲೆ, ಹೆಸರು ಹುಟ್ಟಿದ್ದು ಅವಳು ಲಂಗ ಹಾಕುತ್ತಿದ್ದ ಕಾಲದಲ್ಲೇ. ಎಲ್ಲಿ ಇಬ್ಬರು ಮಾತಾಡುತ್ತ ನಿಂತರೂ ಅಲ್ಲಿ ಇವಳ ಕಿವಿ ಹಾಜರು. ಕೇಳಿಸಿಕೊಂಡು ಸುಮ್ಮನಿರುವವಳೂ ಅಲ್ಲ, ಪ್ರತಿ ಮಾತಿಗೂ ಒಂದು 'ಯಾಕೆ' ಅಂಟಿಸುತ್ತಿದ್ದಳು. ತಲೆಗೂದಲಲ್ಲಿ ನರೆ ಕಂಡ ಮೇಲೂ ಆ ಚಟ ಬಿಟ್ಟಿರಲಿಲ್ಲ.

ಅಂಗಡಿ ಚಿಕ್ಕದು. ಮುಂದೆ ಗಾಜಿನ ಕೌಂಟರು, ಕಾಯುವವರಿಗೆ ಒಂದು ಬೆಂಚು. ಹಿಂದೆ, ಒಳಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ, ಬಟ್ಟೆಯ ಬೀರುವಿಗಿಂತ ತುಸು ದೊಡ್ಡದಾದ ಪರೀಕ್ಷೆಯ ಕೋಣೆ. ಅಂಗಡಿಯ ಎರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡನ ತಮ್ಮ. ಬೀದಿಯ ಔಷಧಿ ಅಂಗಡಿ, ಬೇಕರಿ, ಪ್ರಿಂಟಿಂಗ್ ಪ್ರೆಸ್ಸು ಎಲ್ಲದರ ಕಂಪ್ಯೂಟರ್ ವೈದ್ಯನೂ ಅವನೇ. ಹೊಸದು ಎಂದರೆ ಅವನಿಗೆ ಪ್ರಾಣ. ಹೊಸ ಆವೃತ್ತಿ ಬಂದದ್ದು ಕಂಡೂ ಅದನ್ನು ಹಾಕಿಕೊಳ್ಳದವರನ್ನು, ಊಟಕ್ಕೆ ಕರೆದರೂ ಬಾರದ ನೆಂಟರನ್ನು ನೋಡಿದ ಹಾಗೆ ನೋಡುತ್ತಿದ್ದ.

ಹೀಗಿರುವಾಗ ಶ್ರವಣಯಂತ್ರಗಳನ್ನು ಹೊಂದಿಸುವ ತಂತ್ರಾಂಶದ ಹೊಸ ಆವೃತ್ತಿ ಬಂತು. ಪರದೆಯ ಮೂಲೆಯಲ್ಲಿ ಪುಟ್ಟ ಚೌಕವೊಂದು ಎದ್ದು, ಈಗಲೇ ಹಾಕಲೇ ಆಮೇಲೆ ಹಾಕಲೇ ಎಂದು ಕೇಳುತ್ತಿತ್ತು. ಕಿವಿಯಕ್ಕ ಪ್ರತಿದಿನ 'ಆಮೇಲೆ' ಒತ್ತುತ್ತಿದ್ದಳು. ಅದು ಮೈದುನನ ಕಣ್ಣಿಗೆ ಬಿತ್ತು. ಅವನು ಅವಳ ಗೆಳತಿಯ ಉದಾಹರಣೆ ಎತ್ತಿದ. ಪಕ್ಕದ ಪಟ್ಟಣದಲ್ಲಿ ಇಂಥದ್ದೇ ಅಂಗಡಿ ಇಟ್ಟುಕೊಂಡಿದ್ದ ಆ ಗೆಳತಿಗೆ ಓದುವ ದಿನಗಳಿಂದಲೂ 'ನಾಳೆ' ಎಂಬ ಅಡ್ಡಹೆಸರು, ಏಕೆಂದರೆ ಅವಳು ಯಾವುದನ್ನೂ ಇವತ್ತು ಮಾಡಿದವಳಲ್ಲ. ವರ್ಷಗಟ್ಟಲೆ ಏನನ್ನೂ ಅಪ್‌ಡೇಟ್ ಮಾಡದೆ ಕೂತು, ಕೊನೆಗೆ ಯಾರೋ ಖದೀಮರು ಇಂಟರ್ನೆಟ್ಟಿನಿಂದ ನುಗ್ಗಿ ಅವಳ ಕಂಪ್ಯೂಟರಿಗೆ ಬೀಗ ಜಡಿದು ಹೋಗಿದ್ದರು. ಹಳೇ ಬೀಗ ಹಾಕಿಕೊಂಡು ಕಳ್ಳ ಬಂದ ಅಂತ ಅತ್ತರೆ ಏನು ಬಂತು ಎಂದ ಮೈದುನ. ಆ ಮಾತನ್ನು ಕಿವಿಯಕ್ಕ ಒಪ್ಪಿದಳು.

ಆದರೂ, ಹೊಸದರಲ್ಲಿ ಏನು ಬದಲಾಗಿದೆ ಎಂದು ಕೇಳಿದಳು. ಅವನು ಪರದೆಯ ಮೇಲಿದ್ದುದನ್ನು ಓದಿದ. ಕೇಳುವ ಅನುಭವ ಇನ್ನಷ್ಟು ಹಿತವಾಗುತ್ತದೆ, ಕೆಲವು ದೋಷಗಳನ್ನು ಸರಿಪಡಿಸಲಾಗಿದೆ.

"ಯಾವ ದೋಷ ಅಂತ ಹೇಳಿಲ್ವಲ್ಲ?"

"ಡಾಕ್ಟ್ರು ಇಂಜೆಕ್ಷನ್ ಚುಚ್ಚೋವಾಗ ಒಳಗೇನಿದೆ ಅಂತ ಕೇಳ್ತೀರಾ ಅತ್ತಿಗೆ?"

"ಕೇಳ್ತೀನಿ."

ಅವಳು ಕೇಳುತ್ತಾಳೆಂಬುದು ಅವನಿಗೂ ಗೊತ್ತಿತ್ತು; ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ನಾಚಿಕೊಂಡು ನಿಂತವನೇ ಅವನು. ನಕ್ಕು, ಒಂದೇ ಏಟಿಗೆ ಮುಗಿಸಿಬಿಡೋಣ ಎಂದು ಎರಡೂ ಕಂಪ್ಯೂಟರುಗಳಿಗೆ ಒಟ್ಟಿಗೇ ಹೊಸದನ್ನು ಹಾಕಿದ. ಗಿರಾಕಿಗಳ ಹಳೆಯ ದಾಖಲೆಗಳೆಲ್ಲ ಹೊಸ ರೂಪಕ್ಕೆ ಬದಲಾದವು. ಪ್ರಿಂಟರು ಮಾತ್ರ ಮುನಿಸಿಕೊಂಡು ಮಧ್ಯಾಹ್ನದವರೆಗೆ ಬಾಯಿಬಿಡಲಿಲ್ಲ. ಅದನ್ನೂ ಒಲಿಸಿ, ಕೈ ಒರೆಸಿಕೊಂಡು ಹೊರಟ.

ಮರುದಿನದಿಂದ ಹೊಸ ತಂತ್ರಾಂಶದ ಇನ್ನೊಂದು ಹಟ ಗೊತ್ತಾಯಿತು. ಪ್ರತಿಯೊಂದು ಶ್ರವಣಯಂತ್ರದ ಹೊಟ್ಟೆಯೊಳಗೂ ಅದರದೇ ಪುಟ್ಟ ತಂತ್ರಾಂಶವಿರುತ್ತದೆ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಯಾರದೇ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದರೂ ಮೊದಲು ಅದನ್ನು ಹೊಸದು ಮಾಡು, ಆಮೇಲೆ ಉಳಿದ ಮಾತು ಎನ್ನುತ್ತಿತ್ತು. ಸರಿ, ಬಂದವರದೆಲ್ಲ ಹೊಸದಾಯಿತು. ಬಂದವರೆಲ್ಲ ಹೊಗಳಿದರು ಕೂಡ. ಮೊದಲು ತಲೆದಿಂಬಿಗೆ ಕಿವಿ ಒತ್ತಿದರೆ, ಮೊಮ್ಮಕ್ಕಳನ್ನು ಅಪ್ಪಿಕೊಂಡರೆ, ಯಂತ್ರ ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಕೀ ಎಂದು ಕಿರುಚುತ್ತಿತ್ತು. ಈಗ ಆ ಕಿರುಚಾಟ ನಿಂತೇಹೋಗಿತ್ತು. ಮೈದುನ ಬಂದಾಗಲೆಲ್ಲ, ನೋಡಿದ್ರಾ ಎನ್ನುವಂತೆ ಹುಬ್ಬು ಹಾರಿಸುತ್ತಿದ್ದ.

ಮೊದಲ ದೂರು ತಂದವರು ಪಿಟೀಲು ಮೇಷ್ಟ್ರು. ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ ಅವರು ಬೆಂಚಿನ ತುದಿಯಲ್ಲಿ ಕೂತು, ಹೇಳಿದರೆ ನಗುತ್ತಾರೇನೋ ಎಂಬ ಸಂಕೋಚದಲ್ಲಿ ಹೇಳಿದರು. ಒಂದು ತಂತಿಯನ್ನು ಉದ್ದಕ್ಕೆ ಎಳೆದರೆ ಎರಡು ತಂತಿ ಹಾಡಿದ ಹಾಗೆ ಕೇಳುತ್ತದೆ. ಮೊದಲು ಒಂದೇ ದನಿ, ಆಮೇಲೆ ಅದರ ಪಕ್ಕದಲ್ಲೇ ನಡುಗುವ ಇನ್ನೊಂದು ದನಿ ಎದ್ದು ಬರುತ್ತದೆ. ಹುಡುಗರ ಶ್ರುತಿ ತಪ್ಪಿದೆಯೋ ತಮ್ಮ ಕಿವಿ ತಪ್ಪಿದೆಯೋ ತಿಳಿಯದೆ ಒಬ್ಬ ಹುಡುಗಿಯನ್ನು ಸುಮ್ಮಸುಮ್ಮನೆ ಗದರಿಸಿಬಿಟ್ಟರಂತೆ. ಕಿವಿಯಕ್ಕ ಯಂತ್ರ ಬಿಚ್ಚಿ ನೋಡಿದಳು, ಒರೆಸಿದಳು, ನಳಿಗೆ ಬದಲಿಸಿದಳು. ಎಲ್ಲವೂ ಸರಿಯಿತ್ತು. ವಯಸ್ಸು ಅತ್ತಿಗೆ, ವಯಸ್ಸು ಎಂದ ಮೈದುನ. ಅವಳ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತ್ತು. ವಯಸ್ಸಾದರೆ ದನಿ ಕಡಿಮೆಯಾಗಬೇಕು, ಒಂದಿದ್ದದ್ದು ಎರಡಾಗುವುದೆಂದರೇನು?

ಆ ವಾರದ ಕೊನೆಯಲ್ಲಿ ದರ್ಜಿಯಮ್ಮ ಬಂದರು. ಬೀದಿಯ ಆಚೆ ತುದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬದುಕಿದ ಹೆಂಗಸು. ಅವರ ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದವರು, ನಿವೃತ್ತರಾದ ಮೇಲೂ ಬೀದಿಗೆಲ್ಲ ಕಂಡಕ್ಟರೇ. ಹಿಂದಿನ ವರ್ಷ ಅವರಿಗೆ ಪಾರ್ಶ್ವವಾಯು ಬಡಿದು, ಕೈಕಾಲು ಅರ್ಧ ಸುಧಾರಿಸಿದರೂ ಮಾತು ಹಿಂದಿರುಗಲಿಲ್ಲ. ಬಾಯಿ ತೆರೆದರೆ ಪದಗಳು ಬೆರೆತು ಬರುತ್ತಿದ್ದವು. ಆದರೆ ವಿಚಿತ್ರ, ಸಿಳ್ಳೆ ಮಾತ್ರ ಉಳಿದಿತ್ತು. ಜೀವಮಾನವೆಲ್ಲ ಬಸ್ಸಿನ ಬಾಗಿಲಲ್ಲಿ ನೇತಾಡಿ ಹೊಡೆದ ಸಿಳ್ಳೆಯಲ್ಲವೇ, ಅದನ್ನು ಯಾವ ವಾಯುವೂ ಕಿತ್ತುಕೊಂಡಿರಲಿಲ್ಲ. ಉದ್ದಕ್ಕೆ ಒಂದು ಹೊಡೆದರೆ ನಿಲ್ಲಿಸು. ಚಿಕ್ಕದು ಎರಡು ಹೊಡೆದರೆ ಹೋಗಲಿ, ರೈಟ್. ಮನೆಯಲ್ಲಿ ಅದೇ ಭಾಷೆಯಾಯಿತು. ಉದ್ದ ಸಿಳ್ಳೆ ಎಂದರೆ ಬಾ. ಎರಡು ಚಿಕ್ಕದು ಎಂದರೆ ಆಯ್ತು, ಹೋಗು.

ದರ್ಜಿಯಮ್ಮ ಬಂದದ್ದು ಬ್ಯಾಟರಿಗೆ. ಯಂತ್ರ ಹೇಗಿದೆ ಎಂದು ಕೇಳಿದರೆ ಬೆಣ್ಣೆಯ ಹಾಗಿದೆ ಎಂದರು, ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದರೂ ಈಗ ಕಿರುಚುವುದಿಲ್ಲ. ಆದರೆ ಹೇಳುವಾಗ ಮುಖದಲ್ಲಿ ಗೆಲುವಿರಲಿಲ್ಲ. ಕಿವಿಯಕ್ಕ ಸುಮ್ಮನಿರುವವಳೇ? ಯಾಕಮ್ಮ ಎಂದಳು. ಏನಿಲ್ಲ ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಅವರಿಗೆ ನನ್ನ ಮೇಲೆ ಬೇಜಾರಾಗಿದೆ ಕಣಮ್ಮ. ಎರಡು ಚಿಕ್ಕದು ಮಾತ್ರ ಹೊಡೀತಾರೆ, ಹೋಗು ಹೋಗು ಅಂತ. ಬಾ ಅಂತ ಕರೆಯೋದನ್ನೇ ಬಿಟ್ಬಿಟ್ಟಿದ್ದಾರೆ."

ಎಂದಿನಿಂದ ಎಂದು ಕೇಳಿದರೆ ಸರಿಯಾಗಿ ನೆನಪಿಲ್ಲ ಎಂದರು. ಒಂದು ಸಂಜೆ ಕೆಲಸದ ಒತ್ತಡದಲ್ಲಿ, ಎಷ್ಟು ಸಲ ಕರೀತೀರಿ ಎಂದು ರೇಗಿದ್ದರಂತೆ. ಅದೇ ಮನಸ್ಸಿಗೆ ತಗುಲಿರಬೇಕು. ಸೆರಗಿನಿಂದ ಕಣ್ಣು ಒತ್ತಿಕೊಂಡು, ಮೆಟ್ಟಿಲಿಳಿದು ಹೋದರು.

ಕಿವಿಯಕ್ಕ ಆ ದಿನ ಊಟದ ಡಬ್ಬಿ ತೆರೆದವಳು ಹಾಗೇ ಕೂತಳು. ಉದ್ದಕ್ಕೆ ಎಳೆದ ತಂತಿ ಒಂದು ಕಡೆ. ಉದ್ದಕ್ಕೆ ಹೊಡೆಯದ ಸಿಳ್ಳೆ ಇನ್ನೊಂದು ಕಡೆ. ಪಿಟೀಲಿಗೂ ಪಾರ್ಶ್ವವಾಯುವಿಗೂ ಎಲ್ಲಿಯ ನಂಟು? ಆದರೆ 'ಉದ್ದ' ಎಂಬ ಮಾತು ಎರಡರಲ್ಲೂ ಇತ್ತು. ಡಬ್ಬಿ ಮುಚ್ಚಿ, ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟಳು.

ಹಾರ್ಡ್‌ವೇರ್ ಅಂಗಡಿಯ ಪಕ್ಕದ ಇಕ್ಕಟ್ಟಿನ ಮೆಟ್ಟಿಲು ಹತ್ತುವಾಗಲೇ ಅದು ಕೇಳಿಸಿತು. ಉದ್ದನೆಯ, ನೇರವಾದ, ಬೀದಿಯ ಆ ತುದಿಯಲ್ಲಿ ಬಸ್ಸು ನಿಲ್ಲಿಸುವಂಥ ಸಿಳ್ಳೆ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ. ಬಾಗಿಲು ತೆರೆದೇ ಇತ್ತು. ಒಳಗೆ ದರ್ಜಿಯಮ್ಮ ಬೆನ್ನು ತಿರುಗಿಸಿಕೊಂಡು ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಮಿಷನ್ ಓಡುತ್ತಿರಲಿಲ್ಲ, ಮನೆ ನಿಶ್ಶಬ್ದವಾಗಿತ್ತು. ಕಿಟಕಿಯ ಬಳಿ ಕುರ್ಚಿಯಲ್ಲಿದ್ದ ಕಂಡಕ್ಟರು ಹೆಂಡತಿಯ ಬೆನ್ನನ್ನೇ ನೋಡುತ್ತ ತುಟಿ ಕೂಡಿಸಿ ಮೂರನೆಯ ಸಲ ಊದಿದರು. ಕಿವಿಯಕ್ಕನ ಕಿವಿ ಗುಂಯ್ ಎಂದಿತು. ದರ್ಜಿಯಮ್ಮ ದಾರದ ತುದಿ ನಾಲಿಗೆಗೆ ತಾಗಿಸಿ ಮತ್ತೆ ಪೋಣಿಸಿದರು.

ಕಂಡಕ್ಟರು ಆಗ ಬಾಗಿಲಲ್ಲಿದ್ದವಳನ್ನು ಕಂಡರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಮದುವೆಮನೆಯಲ್ಲಿ ಎಲೆ ಹಾಕದೆ ಬಿಟ್ಟ ಮುದುಕನ ಅಪಮಾನವಿತ್ತು. ಕೈಯಿಂದ ಹೆಂಡತಿಯ ಕಡೆ ತೋರಿಸಿ, ನೋಡು ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಸೋತು, ಎರಡು ಚಿಕ್ಕ ಸಿಳ್ಳೆ ಹೊಡೆದರು. ಹೋಗಲಿ ಬಿಡು. ಅದಕ್ಕೆ ಮಾತ್ರ ದರ್ಜಿಯಮ್ಮ ಥಟ್ಟನೆ ತಿರುಗಿದರು.

"ನೋಡಿದ್ಯಾ ತಾಯಿ," ಎಂದರು ಕಿವಿಯಕ್ಕನನ್ನು ಕಂಡು. "ನಾನು ಹೇಳಲಿಲ್ವಾ?"

ಒಂದೇ ಕೋಣೆಯಲ್ಲಿ ಕೂತ ಗಂಡ ಹೆಂಡತಿ, ಒಬ್ಬರು ಕರೆದೂ ಕರೆದೂ ಸೋತಿದ್ದಾರೆ, ಇನ್ನೊಬ್ಬರು ಕರೆಯುತ್ತಿಲ್ಲವೆಂದು ಕೊರಗುತ್ತಿದ್ದಾರೆ. ಕಿವಿಯಕ್ಕ ದರ್ಜಿಯಮ್ಮನನ್ನು ಕುರ್ಚಿಯ ಎದುರು ಕೂರಿಸಿ, ಇನ್ನೊಮ್ಮೆ ಹೊಡೀರಿ ಎಂದು ಕಂಡಕ್ಟರಿಗೆ ಸನ್ನೆ ಮಾಡಿದಳು. ಅವರು ಊದಿದರು. ದರ್ಜಿಯಮ್ಮ ಗಂಡನ ತುಟಿಯನ್ನು ನೋಡಿದರು, ಊದಿ ನಿಂತ ಕೆನ್ನೆಯನ್ನು ನೋಡಿದರು, ಕಿವಿಗೆ ಕೈ ಹಾಕಿಕೊಂಡರು. ಮೊದಲು ಸ್ವಲ್ಪ 'ಕಿ' ಎಂದಂತಾಗಿ ಆಮೇಲೆ ಏನೂ ಇಲ್ಲ ಎಂದರು. ಅರ್ಥವಾದಾಗ ಅವರು ಅಳಲೂ ಇಲ್ಲ, ನಗಲೂ ಇಲ್ಲ. ಗಂಡನ ಮೊಣಕಾಲಿನ ಮೇಲೆ ಕೈಯಿಟ್ಟು, ಇಷ್ಟು ದಿನದಿಂದ ಕರೀತಾನೇ ಇದ್ರಾ ಎಂದು ಕೇಳಿದರು. ಕಂಡಕ್ಟರು ಹೌದೆಂದು ತಲೆಯಾಡಿಸಿದರು.

ಕಿವಿಯಕ್ಕ ಅಂಗಡಿಗೆ ವಾಪಸು ಬಂದು ಮೈದುನನಿಗೆ ಫೋನು ಮಾಡಿದಳು. ಅವನು ಬಂದಾಗ ಕೌಂಟರಿನ ಮೇಲೆ ಎರಡು ಯಂತ್ರಗಳಿದ್ದವು. ಒಂದು, ಹೊಸದಾದದ್ದು. ಇನ್ನೊಂದು, ಗಿರಾಕಿಗಳಿಗೆ ತೋರಿಸಲೆಂದು ಗಾಜಿನೊಳಗೆ ಇಟ್ಟಿದ್ದ ಜೋಡಿಯದು. ಅದನ್ನು ಯಾರೂ ಕಂಪ್ಯೂಟರಿಗೆ ಜೋಡಿಸದ್ದರಿಂದ ಅದರ ಹೊಟ್ಟೆಯಲ್ಲಿ ಹಳೆಯ ತಂತ್ರಾಂಶವೇ ಇತ್ತು. ಸ್ಟೆತಸ್ಕೋಪಿನಂಥ ಒಂದು ನಳಿಗೆ ಅವಳ ಹತ್ತಿರವಿತ್ತು, ಅದರ ತುದಿಗೆ ಯಂತ್ರ ಸಿಕ್ಕಿಸಿದರೆ ಯಂತ್ರಕ್ಕೆ ಕೇಳಿದ್ದು ನಮಗೂ ಕೇಳುತ್ತದೆ.

"ಸಿಳ್ಳೆ ಹೊಡಿ," ಎಂದಳು.

ಅತ್ತಿಗೆಯ ಮುಂದೆ ಸಿಳ್ಳೆ ಹೊಡೆಯುವುದು ಹೇಗೆಂದು ಅವನು ಒಂದು ಗಳಿಗೆ ಒದ್ದಾಡಿದ. ಆಮೇಲೆ ಹೊಡೆದ. ಹಳೆಯದರಲ್ಲಿ ಸಿಳ್ಳೆ ಕೊನೆಯವರೆಗೆ ಕೇಳಿತು. ಹೊಸದರಲ್ಲಿ ಶುರುವಾಗಿ, ಯಾರೋ ಬಾಯಿ ಮುಚ್ಚಿದಂತೆ ಅಡಗಿತು. ಚಿಕ್ಕದು ಹೊಡೆಸಿದಳು, ಎರಡರಲ್ಲೂ ಕೇಳಿತು. ಕಿವಿಯಕ್ಕನ ಉತ್ಸಾಹ ಏರಿತು. ಏರಿಳಿಸಿ ಹೊಡಿ ಎಂದಳು, ಹಕ್ಕಿಯ ಹಾಗೆ. ಅದು ಹೊಸದರಲ್ಲೂ ತಪ್ಪಿಸಿಕೊಂಡು ದಾಟಿತು. ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸೊಬ್ಬಳು ಇವರಿಬ್ಬರನ್ನೂ ನೋಡಿ ಎದ್ದು ಹೋದಳು. ನಳಿಗೆಯನ್ನು ಮೈದುನನ ಕಿವಿಗೆ ಕೊಟ್ಟು ತಾನೇ ಹೊಡೆಯಲು ಹೋದಳು, ಬರೀ ಗಾಳಿ ಬಂತು. ಅವನು ನಗಲಿಲ್ಲ. ಅವನ ಮುಖ ಸಣ್ಣಗಾಗಿತ್ತು.

ಯಂತ್ರದ ಕಿರುಚಾಟ ಎಂದರೂ ಒಂದು ನೇರವಾದ, ಉದ್ದನೆಯ ಸಿಳ್ಳೆಯೇ. ಹೊಸ ಫರ್ಮ್‌ವೇರ್ ಆ ಕಿರುಚಾಟ ನಿಲ್ಲಿಸಲೆಂದು ಹೊರಟು, ನೇರವಾಗಿ ಉದ್ದಕ್ಕೆ ಬಂದ ಯಾವ ದನಿಯನ್ನೂ ಹಿಂದುಮುಂದು ನೋಡದೆ ಅದುಮುತ್ತಿತ್ತು. ಅದುಮಲು ಅದು ತಾನೇ ಒಂದು ಎದುರು ದನಿ ಹುಟ್ಟಿಸುತ್ತಿತ್ತು. ಪಿಟೀಲು ಮೇಷ್ಟ್ರಿಗೆ ಕೇಳಿದ ಎರಡನೆಯ ತಂತಿ ಅದೇ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗಿತ್ತು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಸಿಕ್ಕಳು. ಮೊದಲು ಓದಿ ಹೇಳುವಂತೆ ಉತ್ತರ ಕೊಟ್ಟಳು. ಹೊಸ ಫರ್ಮ್‌ವೇರಿಗೆ ಹೋದ ಯಂತ್ರ ಹಳೆಯದಕ್ಕೆ ಮರಳಲಾಗದು. ಕಿರುಚಾಟ ತಡೆಯುವ ಹೊಂದಾಣಿಕೆಯನ್ನು ಮೊದಲು ಅಂಗಡಿಯವರೇ ಹೆಚ್ಚುಕಡಿಮೆ ಮಾಡಬಹುದಿತ್ತು. ಚಿಕ್ಕ ಅಂಗಡಿಗಳಿಗೆ ತೊಂದರೆ ಬೇಡವೆಂದು ಈಗ ಅದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಬೇರೆ ಯಾರಿಂದಲೂ ಇಂಥ ದೂರು ಬಂದಿಲ್ಲ.

"ಕೇಳಿಸದೇ ಇದ್ದದ್ದರ ಬಗ್ಗೆ ಯಾರು ದೂರು ಕೊಡ್ತಾರೆ ಹೇಳಮ್ಮ?" ಎಂದಳು ಕಿವಿಯಕ್ಕ.

ಕಿವಿಯಕ್ಕ ರೇಗಲಿಲ್ಲ, ಕಂಡಕ್ಟರ ಕಥೆ ಹೇಳಿದಳು. ನಿಮ್ಮ ಮೇಜಿನ ಮೇಲೆ ಒಂದು ಯಂತ್ರ ಇರಬೇಕಲ್ಲ, ಸಿಳ್ಳೆ ಹೊಡೆಯುವವರು ಯಾರಾದರೂ ಇದ್ದಾರಾ ಎಂದು ಕೇಳಿದಳು. ಹುಡುಗಿ ತಾಳಿ ಎಂದಳು. ದೂರದಲ್ಲಿ ಯಾರೋ ಗಂಡಸು ಸಿಳ್ಳೆ ಹೊಡೆದದ್ದು, ಯಾರೋ ನಕ್ಕದ್ದು, ಮತ್ತೆ ಹೊಡೆದದ್ದು ಫೋನಿನಲ್ಲೇ ಕೇಳಿತು. ಹುಡುಗಿ ವಾಪಸು ಬಂದಾಗ ಓದುವ ದನಿ ಹೋಗಿತ್ತು. ಹೌದು ಮೇಡಂ, ನಮ್ಮಲ್ಲೂ ಹಾಗೇ ಆಗ್ತಿದೆ, ಮೇಲಿನವರಿಗೆ ಹೇಳ್ತೀನಿ, ಆದರೆ ಸರಿಪಡಿಸಿ ಕಳಿಸೋಕೆ ಎಷ್ಟು ದಿನ ಆಗುತ್ತೋ ಗೊತ್ತಿಲ್ಲ ಎಂದಳು.

ಅಲ್ಲಿಯವರೆಗೆ ಏನು ಮಾಡುವುದು? ಏರಿಳಿಸಿ ಸಿಳ್ಳೆ ಹೊಡೆಯಲು ಕಂಡಕ್ಟರಿಗೆ ಕಲಿಸೋಣವೆಂದು ಹೋದರು. ಅವರು ಪಾಪ, ಮನಸ್ಸಿಟ್ಟು ಪ್ರಯತ್ನಿಸಿದರು. ವಾಯು ತಟ್ಟಿದ ತುಟಿ ನೇರವಾಗಿ ಊದುತ್ತಿತ್ತೇ ಹೊರತು ಕುಣಿಯಲೊಲ್ಲದು. ಹಾಗಾದರೆ ದರ್ಜಿಯಮ್ಮನಿಗೆ ಗಾಜಿನೊಳಗಿನ ಹಳೆಯ ಜೋಡಿಯನ್ನು ಕೊಡಬೇಕು. ಕೊಡಲು ಅದನ್ನು ಅವರ ಕಿವಿಗೆ ಹೊಂದಿಸಬೇಕು. ಹೊಂದಿಸಲು ಕಂಪ್ಯೂಟರಿಗೆ ಜೋಡಿಸಬೇಕು. ಜೋಡಿಸಿದ ಕೂಡಲೇ ಹೊಸ ತಂತ್ರಾಂಶ ಅದನ್ನೂ ಹೊಸದು ಮಾಡದೆ ಬಿಡುವುದಿಲ್ಲ. ಎರಡು ಕಂಪ್ಯೂಟರಿನಲ್ಲಿ ಒಂದನ್ನಾದರೂ ಹಳೆಯದರಲ್ಲೇ ಬಿಟ್ಟಿದ್ದರೆ ಸಾಕಿತ್ತು. ಮೈದುನ ಬ್ಯಾಕಪ್ ಇದೆ ಎಂದು ಧೈರ್ಯ ಹೇಳಿ ಡಿಸ್ಕು ತೆಗೆದ. ದಿನವೂ ಸಂಜೆ ತಾನೇ ತಾನಾಗಿ ನಕಲು ಮಾಡಿಕೊಳ್ಳುವ ಡಿಸ್ಕು ಅದು. ಅಪ್‌ಡೇಟ್ ಆದ ದಿನ ಸಂಜೆಯೂ ಅದು ತಪ್ಪದೆ ತನ್ನ ಕೆಲಸ ಮಾಡಿತ್ತು, ಹಳೆಯ ನಕಲನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆದುಕೊಂಡಿತ್ತು. ಅಂದರೆ ದರ್ಜಿಯಮ್ಮನ ಹಳೆಯ ಹೊಂದಾಣಿಕೆಯೂ ಹೋಯಿತು. ಅವನು ಡಿಸ್ಕನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟ.

"ಹಾಕೋ ಮುಂಚೆ ಒಂದು ನಕಲು ಬೇರೆ ಎತ್ತಿಡಬೇಕಿತ್ತು ಅತ್ತಿಗೆ. ಬೇರೆಯವರಿಗೆಲ್ಲ ಬುದ್ಧಿ ಹೇಳ್ತೀನಿ."

ಕಿವಿಯಕ್ಕನಿಗೆ ಅವನನ್ನು ಬೈಯುವ ಮನಸ್ಸು ಬರಲಿಲ್ಲ. ಅವನು ಅಪ್‌ಡೇಟ್ ಮಾಡಿದ್ದು ತಪ್ಪಲ್ಲ, ಎಲ್ಲವನ್ನೂ ಒಂದೇ ದಿನ ಮಾಡಿದ್ದು ತಪ್ಪು ಎಂದಷ್ಟೇ ಹೇಳಿದಳು. ಅವಳ ತಲೆ ಆಗಲೇ ಬೇರೆಡೆ ಓಡುತ್ತಿತ್ತು. ಇಡೀ ಸೀಮೆಯಲ್ಲಿ ಹೊಸದನ್ನು ಹಾಕದೆ ಕೂತಿರುವವರು ಯಾರಿರಬಹುದು? ಯೋಚಿಸುವುದೇ ಬೇಕಾಗಿರಲಿಲ್ಲ.

ಗೆಳತಿ ನಾಳೆ ಫೋನೆತ್ತಿ, ಹೊಸ ಆವೃತ್ತಿಯೇ, ಅದು ಬಂದಿದೆಯೇ ಎಂದು ಕೇಳಿದಳು. ಖದೀಮರು ಹಾಕಿದ ಬೀಗವನ್ನು ಬಿಡಿಸಿಕೊಂಡಂದಿನಿಂದ ಅವಳು ಆ ಕಂಪ್ಯೂಟರಿನ ಇಂಟರ್ನೆಟ್ ತಂತಿಯನ್ನೇ ಕಿತ್ತು ಗಂಟುಕಟ್ಟಿ ಇಟ್ಟಿದ್ದಳು. ಅದರಲ್ಲಿ ಹಳೆಯ ತಂತ್ರಾಂಶ ಹಾಗೇ ಬೆಚ್ಚಗೆ ಕೂತಿತ್ತು. ಮಾರನೆಯ ದಿನ ಬೆಳಿಗ್ಗೆ ಮೈದುನನ ಕಾರಿನಲ್ಲಿ ಎಲ್ಲರೂ ಹೊರಟರು. ಮುಂದಿನ ಸೀಟಿನಲ್ಲಿ ಕಂಡಕ್ಟರು. ದಾರಿಯಲ್ಲಿ ಬಸ್ಸೊಂದು ಎದುರಾದಾಗ ಅವರು ಕಿಟಕಿಯಿಂದ ಕೈ ಹೊರಹಾಕಿ ಎರಡು ಚಿಕ್ಕ ಸಿಳ್ಳೆ ಹೊಡೆದರು, ಆ ಬಸ್ಸಿನ ಡ್ರೈವರು ಏನು ತಿಳಿದನೋ, ಹಾರ್ನು ಒತ್ತಿ ಹೋದ.

"ನನ್ನ ಸೋಮಾರಿತನವನ್ನ ಹುಡುಕ್ಕೊಂಡು ಕೊನೆಗೂ ಯಾರೋ ಬಂದ್ರಪ್ಪ," ಎಂದು ನಾಳೆ ಬಾಗಿಲಲ್ಲೇ ಬರಮಾಡಿಕೊಂಡಳು. ಅವಳ ಅಂಗಡಿಯಲ್ಲಿ ಧೂಳು ಧಾರಾಳವಾಗಿತ್ತು. ಆದರೆ ಎಲ್ಲವೂ ಕೆಲಸ ಮಾಡುತ್ತಿತ್ತು. ಮೈದುನ ಮೊದಲು ಅವಳ ಕಂಪ್ಯೂಟರಿನ ಹಳೆಯ ತಂತ್ರಾಂಶದ ನಕಲೆತ್ತಿ ಎರಡು ಬೇರೆ ಬೇರೆ ಕಡೆ ಇಟ್ಟ. ಕಿವಿಯಕ್ಕ ದರ್ಜಿಯಮ್ಮನನ್ನು ಒಳಗೆ ಕೂರಿಸಿ ಕಿವಿಗಳನ್ನು ಮೊದಲಿನಿಂದ ಅಳೆದಳು. ಅಳೆದಾಗ ತಿಳಿಯಿತು, ಎಡಗಿವಿ ಹಿಂದಿಗಿಂತ ಸ್ವಲ್ಪ ಮಂದವಾಗಿತ್ತು. ಹಳೆಯ ದಾಖಲೆ ಸಿಕ್ಕಿದ್ದರೆ ಅದನ್ನೇ ನಂಬಿ ತಪ್ಪುತ್ತಿದ್ದೆ ಎಂದುಕೊಂಡಳು. ಗಾಜಿನೊಳಗಿನ ಜೋಡಿಯನ್ನು ಹೊಂದಿಸಿ ತೊಡಿಸಿದಳು. ಕಂಡಕ್ಟರನ್ನು ಅವರ ಬೆನ್ನ ಹಿಂದೆ ಕೂರಿಸಿ ಕಣ್ಣಲ್ಲೇ ಸನ್ನೆ ಮಾಡಿದಳು.

ಉದ್ದ ಸಿಳ್ಳೆ ಆ ಧೂಳಿನ ಅಂಗಡಿಯನ್ನೆಲ್ಲ ತುಂಬಿತು.

"ಬಂದೆ, ತಾಳಿ," ಎಂದರು ದರ್ಜಿಯಮ್ಮ. ಗಂಡ ಕೈಯಳತೆಯಲ್ಲೇ ಇದ್ದರೂ ಅಡುಗೆಮನೆಯಲ್ಲಿದ್ದವರ ಹಾಗೆ ಕೂಗಿ, ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು. ಆಮೇಲೆ ತಾವು ಎಲ್ಲಿದ್ದೇವೆಂದು ನೆನಪಾಗಿ ಕೂತರು. ನಾಳೆ ಮುಖ ತಿರುಗಿಸಿಕೊಂಡು ಕೌಂಟರು ಒರೆಸತೊಡಗಿದಳು. ಅದನ್ನು ಅವಳು ಒರೆಸಿದ್ದನ್ನು ಕಿವಿಯಕ್ಕ ಎಂದೂ ನೋಡಿರಲಿಲ್ಲ.

ಮನೆಗೆ ಬಂದ ಮೇಲೂ ಕಿವಿಯಕ್ಕನಿಗೆ ಸಮಾಧಾನವಿರಲಿಲ್ಲ. ಇವರದು ಸಿಕ್ಕಿತು. ಬೇರೆ ಯಾರ ಮನೆಯಿಂದ ಯಾವ ದನಿ ಕಾಣೆಯಾಗಿದೆಯೋ? ಮರುದಿನದಿಂದ ಗಿರಾಕಿಗಳಿಗೆಲ್ಲ ಫೋನು ಮಾಡಲು ಕೂತಳು. ಇತ್ತೀಚೆಗೆ ಯಾವುದಾದರೂ ಶಬ್ದ ಕೇಳಿಲ್ಲ ಅನ್ನಿಸಿದೆಯೇ ಎಂದು ಕೇಳಿದರೆ ಜನ ಏನೆಂದಾರು? ಒಬ್ಬರು ಮಗನ ಶಬ್ದವೇ ಇಲ್ಲ, ಫೋನು ಮಾಡುವುದನ್ನೇ ಬಿಟ್ಟಿದ್ದಾನೆ ಎಂದರು. ಇನ್ನೊಬ್ಬಾಕೆ ಅತ್ತೆಯ ಗೊಣಗಾಟ ಕೇಳದಿದ್ದರೆ ದಯವಿಟ್ಟು ಸರಿಮಾಡಬೇಡಿ ಎಂದಳು. ಪಿಟೀಲು ಮೇಷ್ಟ್ರು ಸಂಗತಿ ತಿಳಿದು, ಗದರಿಸಿದ ಹುಡುಗಿಯನ್ನು ಕರೆಸಿ ಅವಳ ಶ್ರುತಿ ಸರಿಯಾಗಿಯೇ ಇತ್ತು ಎಂದು ಹೇಳುತ್ತೇನೆ ಎಂದರು. ಕುಕ್ಕರಿನ ಕೂಗು, ಬಾಗಿಲ ಗಂಟೆ ಪೂರ್ತಿ ಕೇಳುತ್ತಿಲ್ಲ ಎಂದು ಕೆಲವರು ಅಲ್ಲೇ ಹೊಡೆಸಿ ನೋಡಿ ಬಂದು ಹೇಳಿದರು.

ಗೋದಾಮಿನಲ್ಲಿ ಮೂಟೆ ಎಣಿಸುವ ಒಬ್ಬಾತನಿಗೂ ಫೋನು ಮಾಡಿದಳು. ಲಾರಿ ಹಿಂದಕ್ಕೆ ಬರುವಾಗ ಉದ್ದಕ್ಕೆ ಕುಂಯ್ ಎನ್ನುತ್ತದಲ್ಲ, ಅದನ್ನು ಈಗ ತೆಗೆಸಿದ್ದಾರೆ ಎಂದ ಅವನು ನಿಶ್ಚಿಂತೆಯಿಂದ. ತೆಗೆಸಿದ್ದಾರೆ ಅಂತ ಯಾರು ಹೇಳಿದರು ಎಂದರೆ, ಯಾರೂ ಹೇಳಿಲ್ಲ, ಕೇಳ್ತಾ ಇಲ್ಲವಲ್ಲ ಎಂದ. ಅವಳು ಮೈದುನನನ್ನು ಕರೆದುಕೊಂಡು ಆಗಲೇ ಹೋದಳು. ಗೋದಾಮಿನ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಗಂಟಲು ಹರಿಯುವಂತೆ ಕೂಗುತ್ತಿತ್ತು. ಆತ ಅದಕ್ಕೆ ಬೆನ್ನು ಮಾಡಿಕೊಂಡು ಮೂಟೆ ಎಣಿಸುತ್ತಿದ್ದ. ದೂರವಿದ್ದದ್ದರಿಂದ ಏನೂ ಆಗಲಿಲ್ಲ. ಮೈದುನ ಓಡಿಹೋಗಿ ತೋಳು ಹಿಡಿದು ಎಳೆದಾಗ ಆತನಿಗೆ ಸಿಟ್ಟೇ ಬಂತು. ತಿರುಗಿ ಲಾರಿ ನೋಡಿದ ಮೇಲೆ ಸಿಟ್ಟು ಇಳಿಯಿತು. ನಾಳೆಯ ಅಂಗಡಿಯಲ್ಲಿದ್ದ ಇನ್ನೊಂದು ಹಳೆಯ ಜೋಡಿ ಆತನ ಪಾಲಾಯಿತು.

ಅಂದು ಸಂಜೆ ಮೈದುನ ತಾನಾಗಿ ಬಂದು ಪರೀಕ್ಷೆಯ ಕೋಣೆಯ ಕಂಪ್ಯೂಟರನ್ನು ಎತ್ತಿಟ್ಟಿದ್ದ ನಕಲಿನಿಂದ ಹಳೆಯ ತಂತ್ರಾಂಶಕ್ಕೆ ಇಳಿಸಿ, ಇಂಟರ್ನೆಟ್ಟಿನಿಂದ ಬಿಡಿಸಿಟ್ಟ. ಇನ್ನು ಮುಂದೆ ಹೊಸದು ಬಂದರೆ ಮೊದಲು ಒಂದರಲ್ಲಿ ಹಾಕಿ, ಕೆಲವು ದಿನ ನೋಡಿ, ಆಮೇಲೆ ಇನ್ನೊಂದರಲ್ಲಿ ಎಂದ. ಬೇಕರಿಗೂ ಔಷಧಿ ಅಂಗಡಿಗೂ ಅದೇ ನಿಯಮ ಎಂದ. ಹಾಗಾದರೆ ನಾಳೆಯ ಹಾಗೆ ಹಾಕದೇ ಇದ್ದುಬಿಡೋಣವೇ ಎಂದು ಅವಳು ಕೆಣಕಿದಳು. ಬೇಡವೇ ಬೇಡ ಎಂದು ಅವನು ಗಾಬರಿಯಿಂದ ತಲೆಯಾಡಿಸಿದ.

ಕೆಲವು ವಾರಗಳ ಮೇಲೆ ಸಹಾಯವಾಣಿಯ ಹುಡುಗಿಯೇ ಫೋನು ಮಾಡಿದಳು. ಸರಿಪಡಿಸಿದ ಫರ್ಮ್‌ವೇರ್ ಬಂದಿದೆ, ಹೊಂದಾಣಿಕೆಯನ್ನು ಮತ್ತೆ ಅಂಗಡಿಯವರ ಕೈಗೇ ಕೊಟ್ಟಿದ್ದಾರೆ. ಕಿವಿಯಕ್ಕ ಅದನ್ನು ದರ್ಜಿಯಮ್ಮನ ಸ್ವಂತ ಜೋಡಿಗಷ್ಟೇ ಹಾಕಿ, ನಳಿಗೆಯನ್ನೂ ಮೈದುನನನ್ನೂ ಕರೆದುಕೊಂಡು ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದಳು. ನಿಮ್ಮ ಸಿಳ್ಳೆಗಳನ್ನೆಲ್ಲ ಒಂದೊಂದಾಗಿ ಹೊಡೀರಿ ಎಂದು ಕಂಡಕ್ಟರನ್ನು ಕೇಳಿದಳು. ಉದ್ದದ್ದು ಹೊಡೆದರು, ಕೇಳಿತು. ಚಿಕ್ಕದು ಎರಡು, ಕೇಳಿತು. ಆಮೇಲೆ ಅವರು ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿ, ಮೆಲ್ಲಗೆ, ಚಿಕ್ಕದೊಂದರ ಬಾಲಕ್ಕೆ ಉದ್ದದೊಂದು ಕಟ್ಟಿದ ಹಾಗೆ ಇನ್ನೊಂದು ಹೊಡೆದರು.

ದರ್ಜಿಯಮ್ಮನ ಮುಖ ಕೆಂಪಾಯಿತು. ಕೇಳಿತು, ಕೇಳಿತು, ಸಾಕು ಎಂದು ಎದ್ದು ಮಿಷನ್ನಿನ ಮುಂದೆ ಹೋಗಿ ಕೂತರು.

ಅದರ ಅರ್ಥವೇನು ಎಂದು ಕಿವಿಯಕ್ಕ ಕೇಳಿದಳು. ಮಿಷನ್ ಟಕಟಕನೆ ಓಡತೊಡಗಿತು. ಇನ್ನೊಮ್ಮೆ ಕೇಳಿದಳು. ಕಂಡಕ್ಟರು ಕಿಟಕಿಯ ಹೊರಗೆ ನೋಡುತ್ತ ನಗುತ್ತಿದ್ದರು. ಮೈದುನ ಅತ್ತಿಗೆಯ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಏನಿರಬಹುದೋ ಅದು?" ಎಂದಳು ಮೆಟ್ಟಿಲಿಳಿಯುವಾಗ.

"ಬಿಡಿ ಅತ್ತಿಗೆ," ಎಂದ ಅವನು.